ಅರ್ಧ ಗಂಟೆಯ ಬಿಡಾರ

ಪುತ್ತೂರಿನವನಾದ್ದರಿಂದ ನನಗೆ ಅಷ್ಟಿಷ್ಟು ಮಲಯಾಳ ಬರುತ್ತದೆ ಅಂತ ನಾನು ತಿಳಿದುಕೊಂಡಿದ್ದೆ. ಕಾಸರಗೋಡಿನ ನೆಂಟರ ಮನೆಯಲ್ಲಿ ಕೇಳಿದ್ದು, ಪೇಟೆಯಲ್ಲಿ ಕಿವಿಗೆ ಬಿದ್ದದ್ದು ಎಲ್ಲ ಸೇರಿಸಿದರೆ ಹೊಟ್ಟೆಪಾಡಿಗೆ ಸಾಕು ಅನ್ನುವ ಧೈರ್ಯ. 2008ರ ಜೂನ್‌ನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ಸಿನಿಂದ ಎರ್ನಾಕುಳಂ ನಾರ್ತ್‌ನಲ್ಲಿ ಇಳಿದು, ಮೀನು ರಫ್ತು ಮಾಡುವ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ ಧೈರ್ಯ ಜರ್ರನೆ ಇಳಿಯಿತು. ಸರಕಿನ ಪಟ್ಟಿ ಬೇಕಿತ್ತು. ‘ಪಟ್ಟಿ ಎವಿಡೆ?’ ಅಂತ ಕೇಳಿದೆ. ಇಡೀ ಆಫೀಸು ನಗತೊಡಗಿತು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ‘ನಾಯಿ ಎಲ್ಲಿದೆ?’ ಅಂತ ನಾನು ಮೆನೇಜರರ ಮುಖ ನೋಡಿಕೊಂಡು ಕೇಳಿದ್ದೆ.

ನಗುವವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ಅವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ. ಊರು ಬಿಟ್ಟವರಿಗೆ ಇದು ಗೊತ್ತಿರುತ್ತದೆ. ಊರಲ್ಲಿ ಹರಟೆಮಲ್ಲನಾಗಿದ್ದವನು ಪರಊರಿನಲ್ಲಿ ತೂಕದ ಮನುಷ್ಯ ಅನಿಸಿಕೊಳ್ಳುತ್ತಾನೆ. ತೂಕ ಎಂತದ್ದೂ ಇಲ್ಲ, ಶಬ್ದ ಸಿಕ್ಕದೆ ಸುಮ್ಮನಿರುವುದು ಅಷ್ಟೆ. ನನ್ನ ಬಾಡಿಗೆ ಕೋಣೆ ಇದ್ದದ್ದು ಕಲೂರಿನಲ್ಲಿ, ಸ್ಟೇಡಿಯಂ ಕಡೆಯ ಒಂದು ಓಣಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಮನೆಯೊಡತಿ ಅಮ್ಮಚ್ಚಿ. ಪಕ್ಕದಲ್ಲಿ ಒಂದು ಕಾರ್ ಶೆಡ್ಡು, ಒಳಗೆ ಕಾರು ಮಾತ್ರ ಇರಲಿಲ್ಲ. ಅಮ್ಮಚ್ಚಿಯ ಮೊಮ್ಮಗ ಮತ್ತು ಅವನ ಮೂವರು ಗೆಳೆಯರು ಗೋಡೆಗೆಲ್ಲ ಮೊಟ್ಟೆಯ ತಟ್ಟೆ ಅಂಟಿಸಿ, ಹಳೇ ಹಾಸಿಗೆ ನಿಲ್ಲಿಸಿ, ಅದರೊಳಗೆ ಗಿಟಾರು ಡ್ರಮ್ಮು ಇಟ್ಟುಕೊಂಡಿದ್ದರು. ಸಂಜೆ ಆರಕ್ಕೆ ಶುರುವಾದರೆ ಎಂಟಕ್ಕೆ ಅಮ್ಮಚ್ಚಿ ಪ್ರಾರ್ಥನೆಗೆ ಕೂರುವವರೆಗೆ. ಅವರದು ಡೆತ್ ಮೆಟಲ್.

ಡೆತ್ ಮೆಟಲ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಗಿಟಾರಿನ ಶ್ರುತಿಯನ್ನು ಪಾತಾಳಕ್ಕೆ ಇಳಿಸಿ, ಡ್ರಮ್ಮನ್ನು ಕುದುರೆಯ ಹಾಗೆ ಓಡಿಸಿ, ಮೇಲಿನಿಂದ ಗಂಟಲಿನ ಆಳದ ಒಂದು ಗುಟುರು. ನಾವು ಮಾತಾಡುವಾಗ ಅದಿರುವ ಧ್ವನಿತಂತುಗಳ ಮೇಲೆ ಇನ್ನೊಂದು ಜತೆ ಮಡಿಕೆಗಳಿವೆಯಂತೆ. ಈ ಗುಟುರು ಹಾಕುವವರು ಅದನ್ನೂ ಅದುರಿಸುತ್ತಾರೆ. 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. 1985ರ ಪೊಸೆಸ್ಡ್ ತಂಡದ ಆಲ್ಬಮ್ಮು, 1987ರಲ್ಲಿ ಬಂದ ಡೆತ್ ಎಂಬ ಹೆಸರಿನದೇ ತಂಡದ ಆಲ್ಬಮ್ಮು ಇದರ ಆದಿಪರ್ವ. ನಮ್ಮ ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ಅಂತ ಒಂದು ತಂಡ ಈ ದಾರಿ ಹಿಡಿದಿತ್ತು. ದೇಶದಲ್ಲಿ ಮೊದಮೊದಲಿನವರಲ್ಲಿ ಅವರೂ ಒಬ್ಬರು. ಕೊಚ್ಚಿಗೂ ರಾಕ್ ಹೊಸದಲ್ಲ. ಥರ್ಟೀನ್ ಎ.ಡಿ. ತಂಡ ಎಪ್ಪತ್ತರ ದಶಕದ ಕೊನೆಯಿಂದ ಇಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತಿತ್ತು, 1990ರಲ್ಲಿ ಗ್ರೌಂಡ್ ಝೀರೋ ಎಂಬ ಆಲ್ಬಮ್ಮು ತಂದಿತ್ತು. 1996ರಲ್ಲಿ ಶುರುವಾದ ಮದರ್‌ಜೇನ್ ಕೂಡ ಕೊಚ್ಚಿಯದ್ದೇ. ಅದರ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕ ಕೇಳುತ್ತದೆ. ನಾನು ಬಂದ 2008ರಲ್ಲೇ ತಿರುವನಂತಪುರದ ಅವಿಯಲ್ ತಂಡ ಮಲಯಾಳದಲ್ಲೇ ರಾಕ್ ಹಾಡಿ ಕಾಲೇಜು ಹುಡುಗರ ಬಾಯಲ್ಲೆಲ್ಲ ಇತ್ತು. ‘ನೀವೂ ಮಲಯಾಳದಲ್ಲಿ ಹಾಡಬಹುದಲ್ಲ?’ ಅಂತ ಒಮ್ಮೆ ಕೇಳಿದೆ. ಡ್ರಮ್ಮಿನ ಹುಡುಗ ನಕ್ಕ. ‘ಚೇಟ್ಟಾ, ಯಾವ ಭಾಷೆಯಲ್ಲಿ ಹಾಡಿದರೂ ಯಾರಿಗೂ ಗೊತ್ತಾಗೋದಿಲ್ಲವಲ್ಲ!’

ಈ ಮಾತು ನನಗೆ ತಾಗಿತು. ನಾನು ಅಲ್ಲಿ ಹೋಗಿ ಕೂತದ್ದೇ ಆ ಕಾರಣಕ್ಕೆ. ಇಡೀ ಕೊಚ್ಚಿಯಲ್ಲಿ ಭಾಷೆ ಗೊತ್ತಿಲ್ಲದವನೂ ಗೊತ್ತಿದ್ದವನೂ ಸಮಾನರಾಗುವ ಜಾಗ ಅಂತ ಇದ್ದರೆ ಆ ಕಾರ್ ಶೆಡ್ಡು. ಪದ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನನ್ನು ನೋಡಿ ಯಾರೂ ನಗುವ ಹಾಗಿರಲಿಲ್ಲ.

ಆ ಹುಡುಗನೇ ಒಂದು ಸೀಡಿಗೆ ಕಾಪಿ ಮಾಡಿ ನನಗೆ ಕೊಟ್ಟ ಆಲ್ಬಮ್ಮು ಕಾರ್ನೇಜ್ ಎಂಬ ಸ್ವೀಡನ್ನಿನ ತಂಡದ ‘ಡಾರ್ಕ್ ರಿಕಲೆಕ್ಷನ್ಸ್’. ಕತ್ತಲೆಯ ನೆನಪುಗಳು ಅಂತ ಅರ್ಥ ಮಾಡಬಹುದು. ಹೆಚ್ಚುಕಡಿಮೆ ಅರ್ಧ ಗಂಟೆ. 1990ರಲ್ಲಿ ಬಂದದ್ದು. ಕಾರ್ನೇಜ್ ತಂಡ ತಂದ ಆಲ್ಬಮ್ಮು ಇದೊಂದೇ. ಬಂದ ವರ್ಷವೇ ತಂಡ ಮುರಿಯಿತು. ‘ಇದು ನಮ್ಮ ಬೈಬಲ್’ ಅಂದ ಹುಡುಗ, ಅಮ್ಮಚ್ಚಿಗೆ ಕೇಳಿಸದ ಹಾಗೆ.

ನಾನು ಕೇಳಿದೆ. ಮೊದಲ ಸಲ ಕೇಳುವಾಗ ನನಗೆ ಸಂಗೀತ ಕೇಳಿಸಲೇ ಇಲ್ಲ, ನಮ್ಮ ಶಾಲೆಯ ಹಿಂದಿನ ಮರದ ಮಿಲ್ಲು ಕೇಳಿಸಿತು. ಹಲಸಿನ ದಿಮ್ಮಿಯನ್ನು ಚಕ್ರದ ಗರಗಸಕ್ಕೆ ಕೊಟ್ಟಾಗ ಬರುವ ಸದ್ದು ಇದೆಯಲ್ಲ, ಮೊದಲು ಗೊರಗೊರ, ಆಮೇಲೆ ಹಲ್ಲು ಮರಕ್ಕೆ ಕಚ್ಚಿದ ಮೇಲೆ ಒಂದೇ ಸಮನೆ ಅಗಲವಾದ ಕಿರುಚು, ಅದೇ. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ನಾವು ಮಗ್ಗಿ ಹೇಳಿದ್ದು ಆ ಶ್ರುತಿಗೆ. ಸ್ವೀಡನ್ನಿನ ಹುಡುಗರು ಗಿಟಾರಿನಲ್ಲಿ ಅದನ್ನು ನುಡಿಸುತ್ತಿದ್ದರು, ನಾನು ಕಲೂರಿನ ಮಹಡಿಯಲ್ಲಿ, ಮಳೆಯ ರಾತ್ರಿ, ಪುತ್ತೂರಿನ ಶಾಲೆಯ ಜಗಲಿಯಲ್ಲಿ ಕೂತಿದ್ದೆ.

ಆಮೇಲೆ ಗೊತ್ತಾಯಿತು, ಆ ಸದ್ದಿಗೆ ಜಗತ್ತಿನಲ್ಲೆಲ್ಲ ಗರಗಸದ ಸದ್ದು ಅಂತಲೇ ಹೆಸರು. ಗಿಟಾರಿನ ಸದ್ದನ್ನು ಒಡೆದು ಒರಟು ಮಾಡಲು ಕಾಲಲ್ಲಿ ಒತ್ತುವ ಒಂದು ಪುಟ್ಟ ಡಬ್ಬಿ ಇರುತ್ತದೆ, ಪೆಡಲ್ ಅಂತಾರೆ. ಜಪಾನಿನ ಬಾಸ್ ಕಂಪನಿ 1983ರಲ್ಲಿ ಎಚ್‌ಎಂ-2 ಅಂತ ಒಂದನ್ನು ತಂದಿತು. ಅದಕ್ಕೆ ನಾಲ್ಕು ತಿರುಗುಣಿ. ಬುದ್ಧಿವಂತರು ಒಂದನ್ನು ಸ್ವಲ್ಪ ಏರಿಸಿ, ಇನ್ನೊಂದನ್ನು ಇಳಿಸಿ ಹದ ಮಾಡಿಕೊಳ್ಳುತ್ತಾರೆ. ಸ್ಟಾಕ್‌ಹೋಮಿನ ನಿಹಿಲಿಸ್ಟ್ ಎಂಬ ತಂಡದ ಹುಡುಗರು ನಾಲ್ಕನ್ನೂ ಪೂರ್ತಿ ತಿರುಗಿಸಿಬಿಟ್ಟರು. ಹಾಗೆ ಮೊದಲು ಮಾಡಿದವನು ಲೇಫ್ ಕುಜ್ನರ್ ಎಂಬ ಹುಡುಗ ಅನ್ನುತ್ತಾರೆ. ಅವನು ಹೆಚ್ಚು ದಿನ ತಂಡದಲ್ಲಿ ಉಳಿಯಲಿಲ್ಲ, ಮನೆಯವರ ಜತೆ ಕೆನಡಾಕ್ಕೆ ಹೋಗಬೇಕಾಯಿತು. ಅವನು ಹೋದ, ಸದ್ದು ಉಳಿಯಿತು. ನಿಹಿಲಿಸ್ಟ್ ತಂಡ ಕೂಡ ಒಂದೂ ಆಲ್ಬಮ್ಮು ತರದೆ, ಬರೀ ಡೆಮೊ ಕ್ಯಾಸೆಟ್ಟುಗಳನ್ನು ಬಿಟ್ಟು 1989ರಲ್ಲಿ ಒಡೆಯಿತು. ಒಡೆದ ಒಂದು ತುಂಡು ಎಂಟೂಂಬ್ಡ್, ಇನ್ನೊಂದು ತುಂಡು ಅನ್‌ಲೀಶ್ಡ್. ಎರಡೂ ದೊಡ್ಡ ಹೆಸರಾದವು.

ಕಾರ್ನೇಜ್‌ನ ಕತೆ ಇದರ ಪಕ್ಕದ ಮನೆಯದು. ದಕ್ಷಿಣ ಸ್ವೀಡನ್ನಿನಲ್ಲಿ 1988ರಲ್ಲಿ ಮೈಕೆಲ್ ಅಮೋಟ್ ಕಟ್ಟಿದ ತಂಡ. ಜನ ಬದಲಾಗುತ್ತಾ ಹೋದರು. ಸ್ಟಾಕ್‌ಹೋಮಿನಲ್ಲಿ ಡಿಸ್ಮೆಂಬರ್ ಅಂತ ಒಂದು ತಂಡ ಇತ್ತು, ಅದನ್ನು ನಿಲ್ಲಿಸಿ ಡ್ರಮ್ಮಿನ ಫ್ರೆಡ್ ಎಸ್ಟ್‌ಬಿ, ಗಿಟಾರಿನ ಡೇವಿಡ್ ಬ್ಲೋಮ್‌ಕ್ವಿಸ್ಟ್ ಇತ್ತ ಬಂದರು. ಹಾಡಲು ಮ್ಯಾಟಿ ಕ್ಯಾರ್ಕಿ, ಬೇಸ್ ಗಿಟಾರಿಗೆ ಜಾನಿ ಡೊರ್ಡೆವಿಚ್. ಅಮೋಟ್‌ಗೆ ಇಪ್ಪತ್ತು ವರ್ಷ, ಕೆಲವರಿಗೆ ಅಷ್ಟೂ ಆಗಿರಲಿಲ್ಲ. 1990ರ ಆರಂಭದಲ್ಲಿ ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ, ತೋಮಾಸ್ ಸ್ಕೋಗ್ಸ್‌ಬರ್ಗ್ ಎಂಬಾತನ ಕೈಯಲ್ಲಿ ರೆಕಾರ್ಡ್ ಮಾಡಿದರು. ಅದೇ ಸ್ಟುಡಿಯೋ, ಅದೇ ಸ್ಕೋಗ್ಸ್‌ಬರ್ಗ್, ಅದೇ ಗರಗಸ. ಬ್ರಿಟನ್ನಿನ ಇಯರೇಕ್ ಕಂಪನಿಯ ಒಂದು ಉಪಶಾಖೆ ಅದನ್ನು ಹೊರತಂದಿತು. ಸೀಡಿಯಲ್ಲಿ ಬಂದಾಗ ಅದಕ್ಕೆ ಸ್ವಂತ ಮನೆ ಕೂಡ ಇರಲಿಲ್ಲ, ನಾರ್ವೆಯ ಕ್ಯಾಡವರ್ ಎಂಬ ತಂಡದ ಆಲ್ಬಮ್ಮಿನ ಜತೆ ಒಂದೇ ಸೀಡಿಯಲ್ಲಿ ಪಾಲು ಬಾಡಿಗೆ. ಅಷ್ಟರಲ್ಲಿ ಅಮೋಟ್‌ಗೆ ಲಿವರ್‌ಪೂಲಿನ ಕಾರ್ಕಸ್ ತಂಡದಿಂದ ಕರೆ ಬಂತು. ಅವನು ಗಂಟು ಕಟ್ಟಿದ. ಉಳಿದವರಲ್ಲಿ ಮೂವರು ಹಳೇ ಡಿಸ್ಮೆಂಬರ್‌ನ ಬೋರ್ಡನ್ನೇ ಮತ್ತೆ ತಗುಲಿಸಿದರು, ಡೊರ್ಡೆವಿಚ್ ಸ್ವಲ್ಪ ಕಾಲ ಎಂಟೂಂಬ್ಡ್‌ಗೆ ಹೋದ. ಬಿಡಾರ ಎದ್ದಿತು.

ಈಗ ಆಲ್ಬಮ್ಮಿನ ಗುಣದೋಷ. ಮೊದಲು ದೋಷ ಹೇಳುತ್ತೇನೆ. ಸಾಹಿತ್ಯ ಏನೂ ಅಲ್ಲ. ಹೆಣ, ರಕ್ತ, ಗೋರಿ ಅಗೆಯುವುದು, ಹದಿಹರೆಯದ ಹುಡುಗರು ಪರಸ್ಪರ ಹೆದರಿಸಿಕೊಳ್ಳಲು ಬರೆದದ್ದು. ಪದ ಕೇಳಿಸದಿರುವುದು ಇಲ್ಲಿ ಒಂದು ಉಪಕಾರ. ಈ ರಕ್ತದ ಚಟ ಅವರನ್ನು ಮುಂದೆಯೂ ಬಿಡಲಿಲ್ಲ; ಡಿಸ್ಮೆಂಬರ್‌ನ 1991ರ ಆಲ್ಬಮ್ಮನ್ನು ಬ್ರಿಟನ್ನಿನ ಕಸ್ಟಮ್ಸ್‌ನವರು ಅಶ್ಲೀಲ ಅಂತ ತಡೆದು ಕೋರ್ಟಿಗೆ ಒಯ್ದರು. ಕೋರ್ಟು ಹಾಗಲ್ಲ ಅಂದಿತು. ಕೋರ್ಟು ಸರಿ, ಆದರೆ ಅಶ್ಲೀಲವಲ್ಲ ಅಂದ ಮಾತ್ರಕ್ಕೆ ಕಾವ್ಯ ಆಗುವುದಿಲ್ಲ. ಎರಡನೇ ದೋಷ, ಅರ್ಧ ದಾಟಿದ ಮೇಲೆ ಹಾಡು ಯಾವುದು ಮುಗಿಯಿತು, ಯಾವುದು ಶುರುವಾಯಿತು ಅಂತ ತಿಳಿಯದ ಹಾಗೆ ಒಂದಕ್ಕೊಂದು ಮೆತ್ತಿಕೊಂಡಿವೆ. ನಡುವೆ ಒಂದು ಉಸಿರು ಬೇಕಿತ್ತು.

ಇನ್ನು ಗುಣ. ಮೊದಲ ಹಾಡು ‘ಟಾರ್ನ್ ಅಪಾರ್ಟ್’ ಶುರುವಾಗುವ ರೀತಿ ನೋಡಿ. ಎಸ್ಟ್‌ಬಿ ಬಾರಿಸುವುದು ಬರೀ ವೇಗವಲ್ಲ, ಅದರಲ್ಲಿ ಒಂದು ಕುಂಟು ನೆಗೆತ ಇದೆ. ಇಂಗ್ಲೆಂಡಿನ ಡಿಸ್‌ಚಾರ್ಜ್ ಎಂಬ ಪಂಕ್ ತಂಡದಿಂದ ಬಂದ ನಡೆ ಅದು. ಕೇಳುವವನ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಆ ನೆಗೆತದ ಮೇಲೆ ಎರಡು ಗಿಟಾರು ಒಂದನ್ನೊಂದು ಅಂಟಿಕೊಂಡು ಓಡುತ್ತವೆ. ಓಡುತ್ತಾ ಓಡುತ್ತಾ ತಟ್ಟನೆ ಗತಿ ಅರ್ಧಕ್ಕೆ ಇಳಿದು, ಗರಗಸಕ್ಕೆ ದಪ್ಪ ದಿಮ್ಮಿ ಸಿಕ್ಕಿದ ಹಾಗೆ ಎಲ್ಲ ಭಾರವಾಗುತ್ತದೆ. ಅಂಥಲ್ಲಿ ಅಮೋಟ್ ಒಂದು ಚೂರು ರಾಗ ಹಾಕಿ ಹೋಗುತ್ತಾನೆ, ಕೆಲವೇ ಕ್ಷಣ. ಇಷ್ಟೆಲ್ಲ ಕೆಸರಿನ ನಡುವೆ ಅದು ಕಿಟಕಿ ತೆರೆದ ಹಾಗೆ. ಮುಂದೆ ಕಾರ್ಕಸ್‌ನಲ್ಲೂ, ತೊಂಬತ್ತರ ದಶಕದ ನಡುವಿನಲ್ಲಿ ಅವನೇ ಕಟ್ಟಿದ ಆರ್ಚ್ ಎನಿಮಿಯಲ್ಲೂ ಆ ಕಿಟಕಿ ಬಾಗಿಲಾಯಿತು. ಬಾಗಿಲಾದ ಮೇಲೆ ಕಿಟಕಿಯ ಸುಖ ಇರಲಿಲ್ಲ ಅಂತ ನನ್ನ ಅಭಿಪ್ರಾಯ, ಬೇರೆಯವರದು ಬೇರೆ ಇರಬಹುದು. ಉಳಿದ ಮೂವರ ಡಿಸ್ಮೆಂಬರ್ 1991ರಲ್ಲಿ ತಂದದ್ದು ಇದಕ್ಕಿಂತ ಎಲ್ಲ ರೀತಿಯಲ್ಲೂ ಬಲವಾದದ್ದು. ಸದ್ದು ಇನ್ನೂ ದಪ್ಪ, ಹಾಡುಗಳಿಗೆ ಬೇರೆಬೇರೆ ಮುಖ. ಆದರೂ ನಾನು ಮತ್ತೆ ಮತ್ತೆ ಹೋಗುವುದು ಈ ಬಡ ಆಲ್ಬಮ್ಮಿಗೆ. ಯಾಕೆ ಅಂತ ನನಗೇ ತಿಳಿಯಲು ವರ್ಷಗಳು ಬೇಕಾದವು. ಅಷ್ಟರಲ್ಲಿ ಒಂದು ತಪ್ಪು ಮಾಡಿ ಆಗಿತ್ತು.

2010ರ ಬೇಸಿಗೆಯಲ್ಲಿ ಶೆಡ್ಡಿನ ಹುಡುಗರು ತಮ್ಮದೇ ಮೂರು ಹಾಡು ರೆಕಾರ್ಡ್ ಮಾಡಿದರು. ಒಟ್ಟು ಹನ್ನೊಂದು ನಿಮಿಷ. ನೂರು ಕಾಪಿ ಹಾಕಿಸಿ ಕಾಲೇಜುಗಳಲ್ಲಿ ಹಂಚುವುದು ಅಂತ ಲೆಕ್ಕಾಚಾರ. ದುಡ್ಡು ಕೂಡ ಒಟ್ಟಾಗಿತ್ತು. ಹಾಕಿಸುವ ಮೊದಲು ನನಗೆ ಕೇಳಿಸಿದರು. ಅಷ್ಟು ಹೊತ್ತಿಗೆ ನಾನು ಅವರ ಪಾಲಿಗೆ ದೊಡ್ಡ ರಸಿಕನಾಗಿದ್ದೆ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೇಳಿದವನಿಗೆ ಸಹಜವಾಗಿ ಅಂಥ ಪಟ್ಟ ಸಿಗುತ್ತದೆ. ನಾಲ್ವರೂ ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಮುಗಿಯಿತು. ‘ಹೇಗಿದೆ ಚೇಟ್ಟಾ?’ ಅಂತ ಡ್ರಮ್ಮಿನ ಹುಡುಗ ಕೇಳಿದ.

ಆಗ ನನಗೆ ಮಲಯಾಳ ಚೆನ್ನಾಗಿಯೇ ಬರುತ್ತಿತ್ತು. ‘ಕೊಳ್ಳಾಂ’ ಅಂದಿದ್ದರೆ ಸಾಕಿತ್ತು. ಚೆನ್ನಾಗಿದೆ ಅಂತ. ನಾನು ವಿಮರ್ಶಕನಾದೆ. ‘ಚೆನ್ನಾಗಿದೆ, ಆದರೆ ಇದು ಕಾರ್ನೇಜ್‌ನ ನಕಲಲ್ವಾ? ನಿಮ್ಮದು ಅಂತ ಇದರಲ್ಲಿ ಎಂತ ಇದೆ? ಕೊಚ್ಚಿ ಎಲ್ಲಿದೆ?’ ಅಂತ ಕೇಳಿದೆ.

ಯಾರೂ ವಾದ ಮಾಡಲಿಲ್ಲ. ಹಾಡುವವನು ತಲೆ ಅಲ್ಲಾಡಿಸಿದ. ಆಮೇಲೆ ತಿಳಿಯಿತು, ನೂರು ಕಾಪಿಯ ಯೋಚನೆ ನಿಂತಿತಂತೆ. ‘ನಮ್ಮದು ಅಂತ ಏನಾದರೂ ಮಾಡಿ ಆಮೇಲೆ ಹೊರಗೆ ಬಿಡೋಣ’ ಅಂತ ತೀರ್ಮಾನ. ಆ ಆಮೇಲೆ ಬರಲಿಲ್ಲ. ಅದೇ ವರ್ಷ ಒಬ್ಬ ಚೆನ್ನೈಗೆ ಕೆಲಸಕ್ಕೆ ಹೋದ, ಅಮ್ಮಚ್ಚಿಯ ಮೊಮ್ಮಗನನ್ನು ಅವನ ಅಪ್ಪ ಗಲ್ಫಿಗೆ ಕರೆಸಿಕೊಂಡರು. ಡ್ರಮ್ಮನ್ನು ಯಾರೋ ಗಾನಮೇಳದವರಿಗೆ ಮಾರಿದರು. ಶೆಡ್ಡಿಗೆ ಕಾರು ಬಂತು. ಮೊಟ್ಟೆಯ ತಟ್ಟೆಗಳನ್ನು ಅಮ್ಮಚ್ಚಿ ಒಂದೊಂದಾಗಿ ಕಿತ್ತು ಒಲೆಗೆ ಹಾಕುವುದನ್ನು ನಾನು ಮಹಡಿಯಿಂದ ನೋಡಿದೆ.

ತಂಡ ಮುರಿಯುವುದು ಮುರಿಯುತ್ತಿತ್ತು, ಅದಕ್ಕೆ ನಾನು ಕಾರಣ ಅಲ್ಲ. ಆದರೆ ಕಾರ್ನೇಜ್ ಮುರಿದಾಗ ಒಂದು ಆಲ್ಬಮ್ಮು ಉಳಿದಿತ್ತು. ಇವರದು ಉಳಿಯಲಿಲ್ಲ. ಅದಕ್ಕೆ ನಾನು ಕಾರಣ ಹೌದು.

2012ರಲ್ಲಿ ನನ್ನ ಕೆಲಸ ತಿರುವನಂತಪುರಕ್ಕೆ ಹೋಯಿತು. ಕೊಚ್ಚಿಯ ಗಡಿಬಿಡಿ ಅಲ್ಲಿಲ್ಲ. ಸಂಜೆಯಾದರೆ ಕೋಟೆಯ ಒಳಗೆ ಸುಮ್ಮನೆ ನಡೆಯುತ್ತಿದ್ದೆ. ಅಲ್ಲಿ 1970ರಲ್ಲಿ ಶುರುವಾದ ಮಾರ್ಗಿ ಎಂಬ ಸಂಸ್ಥೆ ಇದೆ, ಕಥಕಳಿ ಕೂಡಿಯಾಟ್ಟಂ ಕಲಿಸುತ್ತಾರೆ, ಆಟವೂ ಇರುತ್ತದೆ. ಒಂದು ರಾತ್ರಿ ಕೆಂಪು ಗಡ್ಡದ ರಾಕ್ಷಸ ವೇಷ ಬಂತು. ಕಥಕಳಿಯಲ್ಲಿ ವೇಷಧಾರಿ ಮಾತಾಡುವುದಿಲ್ಲ, ಪದ ಹೇಳುವುದು ಹಿಂದಿನ ಹಾಡುಗಾರರು. ಆದರೆ ಇಂಥ ಉಗ್ರ ವೇಷಗಳಿಗೆ ಮಾತ್ರ ಒಂದು ರಿಯಾಯಿತಿ, ಗಂಟಲಿನಿಂದ ಅಲರ್ಚ ಹಾಕಬಹುದು. ಪದ ಇಲ್ಲ, ಬರೀ ಗರ್ಜನೆ. ತೆರೆಯ ಹಿಂದಿನಿಂದ ಆ ಗುಟುರು ಕೇಳಿದ ಕೂಡಲೇ ನನ್ನ ಮೈ ಜುಂ ಅಂದಿತು. ಇದನ್ನು ನಾನು ಎಲ್ಲಿ ಕೇಳಿದ್ದು? ಕಾರ್ ಶೆಡ್ಡಿನಲ್ಲಿ. ಅದಕ್ಕೂ ಮೊದಲು? ನಮ್ಮೂರ ಗದ್ದೆಯಲ್ಲಿ, ನಡುರಾತ್ರಿ, ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಕೊಡುವಾಗ, ನಿದ್ದೆಯಿಂದ ಬೆಚ್ಚಿಬಿದ್ದು ಅಜ್ಜನ ಪಂಚೆ ಹಿಡಿದುಕೊಂಡಾಗ. ಆ ಆರ್ಭಟದ ಪದ ಏನು ಅಂತ ಯಾರಾದರೂ ಕೇಳಿದ್ದಾರಾ? ವೇಷಕ್ಕೆ ಒಂದು ಧ್ವನಿ ಬೇಕು, ಅದು ಮನುಷ್ಯರ ದಿನನಿತ್ಯದ ಧ್ವನಿ ಆಗಬಾರದು, ಅಷ್ಟೆ. ಮ್ಯಾಟಿ ಕ್ಯಾರ್ಕಿ ಮಾಡಿದ್ದೂ ಅದನ್ನೇ. ಮುಖಕ್ಕೆ ಬಣ್ಣ ಇಲ್ಲ, ಗಂಟಲಿಗೆ ಬಣ್ಣ.

ಅಲ್ಲಿಗೇ ನಿಂತಿದ್ದರೆ ಒಂದು ಚಂದದ ಹೋಲಿಕೆ ಸಿಕ್ಕಿತು ಅಂತ ಖುಷಿಪಟ್ಟು ಮಲಗುತ್ತಿದ್ದೆ. ನಿದ್ದೆ ಕೆಡಿಸಿದ್ದು ಇನ್ನೊಂದು ಯೋಚನೆ. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷಕ್ಕೂ ಈ ಗಡ್ಡದ ವೇಷಕ್ಕೂ ಇಷ್ಟು ಸಾಮ್ಯ ಇದೆಯಲ್ಲ, ಹಾಗಾದರೆ ಯಾರು ಯಾರ ನಕಲು? ಇದು ಹಳೇ ಜಗಳ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಮೊದಲೋ, ಕೊಟ್ಟಾರಕ್ಕರ ತಂಬುರಾನ್ ಬರೆದ ರಾಮನಾಟ್ಟಂ ಮೊದಲೋ ಅಂತ ನಮ್ಮ ದೊಡ್ಡ ದೊಡ್ಡ ಪಂಡಿತರು ದಶಕಗಟ್ಟಲೆ ಚರ್ಚೆ ಮಾಡಿದ್ದಾರೆ. ಪಂಡಿತರಿಗೆ ಅದು ಬೇಕಾದ ಚರ್ಚೆಯೇ. ಆದರೆ ಗದ್ದೆಯಲ್ಲಿ ಚಾಪೆ ಹಾಸಿ ಕೂತವರಿಗೆ ಅದರಿಂದ ಎಂತ ಆಗಬೇಕು? ಬಣ್ಣದ ವೇಷದವನು ತನ್ನ ಗುರುವಿನ ಹಾಗೆ ಮುಖಕ್ಕೆ ಬರೆದುಕೊಂಡರೆ, ಅದೇ ಹೆಜ್ಜೆ ಹಾಕಿದರೆ, ಅದೇ ಆರ್ಭಟ ಕೊಟ್ಟರೆ ನಾವು ನಕಲು ಅನ್ನುತ್ತೇವಾ? ‘ಒಳ್ಳೇ ತಿಟ್ಟು ಮಾರಾಯ’ ಅನ್ನುತ್ತೇವೆ. ತಿಟ್ಟು ತಪ್ಪಿದರೆ ಬೈಯುತ್ತೇವೆ. ಇವತ್ತಿನ ವೇಷ ಹೇಗಾಯಿತು ಅಂತ ನೋಡುವುದು ಆ ತಿಟ್ಟಿನ ಒಳಗೆ ಕೂತು.

ಕಾರ್ನೇಜ್ ಕೂಡ ಹಾಗೆಯೇ ಅಲ್ವಾ? ಪೆಡಲ್ಲಿನ ತಿರುಗುಣಿ ತಿರುಗಿಸಿದ್ದು ನಿಹಿಲಿಸ್ಟ್‌ನವರು. ಡ್ರಮ್ಮಿನ ನಡೆ ಡಿಸ್‌ಚಾರ್ಜ್‌ನದು. ಗುಟುರು ಅಮೆರಿಕದಿಂದ ಬಂದದ್ದು. ಸ್ಟುಡಿಯೋ ಎಲ್ಲರದ್ದು. ‘ನಿಮ್ಮದು ಅಂತ ಇದರಲ್ಲಿ ಎಂತ ಇದೆ?’ ಅಂತ 1990ರಲ್ಲಿ ಯಾರಾದರೂ ದೊಡ್ಡ ರಸಿಕ ಸ್ಟಾಕ್‌ಹೋಮಿನಲ್ಲಿ ಅವರನ್ನು ಕೇಳಿದ್ದರೆ ಆ ಹುಡುಗರು ಎಂತ ಹೇಳುತ್ತಿದ್ದರು? ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕೇಳುವವರ ಬದಲು ಅಲ್ಲಿ ಕೊಡುವವರಿದ್ದರು. ಸ್ವೀಡನ್ನಿನಲ್ಲಿ ಊರಿನ ಆಡಳಿತದ ಯುವಕೇಂದ್ರಗಳೂ ಅಧ್ಯಯನ ಸಂಘಗಳೂ ಹುಡುಗರಿಗೆ ಅಭ್ಯಾಸದ ಕೋಣೆ ಕೊಡುತ್ತಿದ್ದವು. ಆ ಕೋಣೆಗಳಲ್ಲಿ ಒಬ್ಬರದನ್ನೊಬ್ಬರು ಕೇಳಿ, ಎತ್ತಿಕೊಂಡು, ಜನ ಬದಲಾಯಿಸಿಕೊಂಡು ಒಂದು ಊರಿನ ಹುಡುಗರೆಲ್ಲ ಸೇರಿ ಒಂದು ಸದ್ದು ಮಾಡಿದರು. ಅದು ಯಾರೊಬ್ಬನದೂ ಅಲ್ಲದ್ದರಿಂದಲೇ ಅವರೆಲ್ಲರದ್ದಾಯಿತು. ಕೇರಳದವರಿಗೆ ಇದು ಅರ್ಥವಾಗದ ಸಂಗತಿಯೂ ಅಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ಗ್ರಂಥಶಾಲಾ ಸಂಘ ಕಟ್ಟಿದಂದಿನಿಂದ ಊರೂರಿಗೆ ವಾಚನಾಲಯ ಇಟ್ಟ ನಾಡು ಅದು. ಹುಡುಗರಿಗೆ ಕೂತು ಓದಲು ಜಾಗ ಬೇಕು ಅಂತ ತಿಳಿದಿತ್ತು, ಕೂತು ಸದ್ದು ಮಾಡಲೂ ಜಾಗ ಬೇಕು ಅಂತ ಅಮ್ಮಚ್ಚಿಗೆ ಮಾತ್ರ ತಿಳಿದಿತ್ತು.

ಹಾಗಾಗಿ ‘ಡಾರ್ಕ್ ರಿಕಲೆಕ್ಷನ್ಸ್’ ನನಗೆ ಯಾಕೆ ಬೇಕು ಅಂತ ಈಗ ಹೇಳಬಲ್ಲೆ. ಅದು ಒಂದು ಬಿಡಾರ. ಮೇಳದವರು ಹಗಲು ತಂಗಿ, ಅನ್ನ ಉಂಡು, ರಾತ್ರಿ ಆಟ ಆಡಿ, ಮರುದಿನ ಎದ್ದು ಹೋಗುವ ಬಿಡಾರ. ಎಲ್ಲಿಂದಲೋ ಬಂದವರು, ಎಲ್ಲಿಗೋ ಹೋಗುವವರು, ಯಾರದೋ ಕೋಣೆಯಲ್ಲಿ, ಯಾರಿಂದಲೋ ಕಲಿತ ಸದ್ದನ್ನು ಅರ್ಧ ಗಂಟೆ ಒಟ್ಟಿಗೆ ಮಾಡಿದರು. ಕೇಳುವಾಗ ಅದರಲ್ಲಿ ನಾಳೆ ಇದೆ ಅನ್ನುವ ಗ್ಯಾರಂಟಿ ಇಲ್ಲ. ಡಿಸ್ಮೆಂಬರ್‌ನ ಆಲ್ಬಮ್ಮು ಸ್ವಂತ ಮನೆ, ಗಟ್ಟಿ ಗೋಡೆ. ಇದು ಬಾಡಿಗೆ ಕೋಣೆ. ಬಾಡಿಗೆ ಕೋಣೆಯಲ್ಲಿ ಎಂಟು ವರ್ಷ ಕಳೆದವನಿಗೆ ಅದರ ಗೋಡೆ ಯಾವ ಸದ್ದು ಮಾಡುತ್ತದೆ ಅಂತ ಗೊತ್ತಿರುತ್ತದೆ.

ಇನ್ನೊಂದು ಸಂಗತಿ ಕೂಡ ಆ ರಾತ್ರಿಯೇ ಹೊಳೆದದ್ದು. ನನ್ನ ಮಲಯಾಳ. ಪಟ್ಟಿ ಪ್ರಕರಣದ ನಂತರ ನಾನು ಅದನ್ನು ಕಲಿತದ್ದಾದರೂ ಹೇಗೆ? ಅಮ್ಮಚ್ಚಿ ಹೇಳಿದ ಹಾಗೆ ಹೇಳಿ. ಶೆಡ್ಡಿನ ಹುಡುಗರು ಎಳೆದ ಹಾಗೆ ಎಳೆದು. ತಿರುವನಂತಪುರಕ್ಕೆ ಬಂದಾಗ ಇಲ್ಲಿನವರು ‘ಎರ್ನಾಕುಳದವರಾ?’ ಅಂತ ಕೇಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಅದು ಪೂರ್ತಿ ನಕಲು, ಒಂದು ಅಕ್ಷರವೂ ನನ್ನದಲ್ಲ. ‘ಇದರಲ್ಲಿ ಪುತ್ತೂರು ಎಲ್ಲಿದೆ?’ ಅಂತ ಆ ನಾಲ್ವರಲ್ಲಿ ಯಾರೂ ನನ್ನನ್ನು ಒಂದು ದಿನವೂ ಕೇಳಲಿಲ್ಲ. ತಮ್ಮ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅವರಿಗೆ ಸಂತೋಷವೇ ಆಗಿತ್ತು.

2015ರಲ್ಲಿ ಓಣಂ ಕಳೆದ ವಾರ ತಂಬಾನೂರು ಸ್ಟೇಷನ್ನಿನಲ್ಲಿ ಡ್ರಮ್ಮಿನ ಹುಡುಗ ಸಿಕ್ಕಿದ. ಹೊಟ್ಟೆ ಬಂದಿದೆ, ಜತೆಗೆ ಹೆಂಡತಿ, ಹೆಗಲ ಮೇಲೆ ಮಗು. ಚಾ ಕುಡಿದೆವು. ನಾನು ವಿಷಯ ತೆಗೆದೆ. ಅವತ್ತು ನಾನು ನಕಲು ಅಂದದ್ದು ತಪ್ಪು, ನೀವು ಅದನ್ನು ಹೊರಗೆ ಬಿಡಬೇಕಿತ್ತು ಅಂದೆ. ಅವನಿಗೆ ಮರೆತಿರಬಹುದು ಅಂತ ಒಂದು ಆಸೆ ಇತ್ತು. ಮರೆತಿರಲಿಲ್ಲ.

‘ನೀವು ಹೇಳಿದ್ದು ತಪ್ಪೇನಲ್ಲ ಚೇಟ್ಟಾ,’ ಅಂದ. ‘ಕೇಳಿದವರು ನಾವು. ಆದರೆ ಕೊಚ್ಚಿ ಎಲ್ಲಿದೆ ಅಂದಿರಲ್ಲ, ಅದು ಮಾತ್ರ ನನಗೆ ಅರ್ಥ ಆಗಲಿಲ್ಲ. ನಾವು ಕೊಚ್ಚಿಯವರೇ ಆಗಿದ್ದೆವಲ್ಲ.’

ಅವನ ರೈಲು ಮೊದಲು ಬಂತು. ಮಗುವಿನ ಕೈ ಹಿಡಿದು ಅಲ್ಲಾಡಿಸಿ ಟಾಟಾ ಮಾಡಿಸಿದ.

ನಾನು 2016ರಲ್ಲಿ ಊರಿಗೆ ವಾಪಸ್ಸಾದೆ. ಸಾಮಾನು ಬಿಚ್ಚುವಾಗ ಹಳೇ ಸೀಡಿಗಳ ನಡುವೆ ಆ ಮೂರು ಹಾಡಿನದೂ ಸಿಕ್ಕಿತು. ಮಾರ್ಕರ್ ಪೆನ್ನಿನಲ್ಲಿ ಬರೆದ ತಾರೀಕು ಮಾಸಿದೆ, ಹಾಡು ಮಾಸಿಲ್ಲ. ಆಗಾಗ ಕೇಳುತ್ತೇನೆ. ಅವತ್ತು ಶೆಡ್ಡಿನಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆದುಬಿಡುತ್ತೇನೆ, ತಂಡದ ಹೆಸರು ಬೇಡ. ಮೊದಲ ಹಾಡು ಅವಸರದ್ದು, ಡ್ರಮ್ಮು ಗಿಟಾರಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ. ಮೂರನೆಯದು ಒಂದು ನಿಮಿಷ ಮೊದಲೇ ಮುಗಿಯಬೇಕಿತ್ತು. ಎರಡನೆಯದು ಚೆನ್ನಾಗಿದೆ. ಅದರ ನಡುವೆ ಗತಿ ಅರ್ಧಕ್ಕೆ ಇಳಿಯುವ ಕಡೆ ನಾಲ್ವರೂ ಒಟ್ಟಿಗೆ ಇಳಿಯುತ್ತಾರೆ, ಒಬ್ಬನೂ ತಪ್ಪುವುದಿಲ್ಲ. ಆ ಹೊತ್ತಿಗೆ ಹಿಂದಿನಿಂದ ಬಹಳ ಸಣ್ಣಗೆ ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವುದು ಕೇಳಿಸುತ್ತದೆ.